ಫೀಲ್ಡ್ ಕ್ಯಾನ್ಸರೈಸೇಶನ್: ವರದಿಯಲ್ಲಿ ಓದುವುದು ಹೇಗೆ, ಬರಹದಲ್ಲಿ ಬಳಸುವುದು ಹೇಗೆ

ಬಾಯಿ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಬರುವ ಪೆಥಾಲಜಿ ವರದಿಯಲ್ಲಿ ಇಂಥದೊಂದು ಸಾಲು ಕಾಣಬಹುದು: "ನಾಲಿಗೆಯ ಎಡ ಅಂಚು, ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, 2.2 ಸೆಂ.ಮೀ. ಎಲ್ಲ ಮಾರ್ಜಿನ್‌ಗಳಲ್ಲೂ ಕ್ಯಾನ್ಸರ್ ಇಲ್ಲ. ಹಿಂಬದಿಯ ಮಾರ್ಜಿನ್‌ನಲ್ಲಿ ಮಧ್ಯಮ ದರ್ಜೆಯ ಡಿಸ್‌ಪ್ಲೇಸಿಯಾ. ಫೀಲ್ಡ್ ಕ್ಯಾನ್ಸರೈಸೇಶನ್ ಇರುವ ಸಾಧ್ಯತೆ." ಮಾರ್ಜಿನ್ ಎಂದರೆ ಕತ್ತರಿಸಿ ತೆಗೆದ ತುಂಡಿನ ಅಂಚು; ಡಿಸ್‌ಪ್ಲೇಸಿಯಾ ಎಂದರೆ ಕೋಶಗಳು ಸಹಜ ರೂಪ ಕಳೆದುಕೊಂಡ, ಆದರೆ ಇನ್ನೂ ಕ್ಯಾನ್ಸರ್ ಆಗದ ಸ್ಥಿತಿ. ಮೊದಲ ಮೂರು ಸಾಲು ಓದಿ ನಿಟ್ಟುಸಿರು ಬಿಟ್ಟವರು ಕೊನೆಯ ಸಾಲಿಗೆ ಬಂದು ಬೆಚ್ಚಿಬೀಳುತ್ತಾರೆ. ಕ್ಯಾನ್ಸರ್ ಸುತ್ತಲೆಲ್ಲ ಹರಡಿಬಿಟ್ಟಿದೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಈ ಪದ ಹೇಳುವುದು ಅದನ್ನಲ್ಲ. ಹರಡುವುದೆಂದರೆ ಗಡ್ಡೆಯಿಂದ ಹೊರಟ ಕೋಶಗಳು ಬೇರೆ ಕಡೆ ಹೋಗಿ ನೆಲೆಸುವುದು. ಫೀಲ್ಡ್ ಕ್ಯಾನ್ಸರೈಸೇಶನ್ ಇದಕ್ಕೆ ತಿರುವುಮುರುವು: ಗಡ್ಡೆ ಹುಟ್ಟುವುದಕ್ಕೂ ಮುಂಚೆಯೇ ಸುತ್ತಲಿನ ಪೊರೆ ಕೆಟ್ಟಿತ್ತು, ಆ ಕೆಟ್ಟ ಪೊರೆಯ ಒಂದು ಬಿಂದುವಿನಲ್ಲಿ ಗಡ್ಡೆ ಎದ್ದಿತು. ಗಡ್ಡೆಯನ್ನು ತೆಗೆದಾಗಿದೆ, ಪೊರೆ ಉಳಿದಿದೆ. ಪದ ಬೊಟ್ಟು ಮಾಡುವುದು ಆ ಉಳಿದ ಪೊರೆಯತ್ತ.

ಕಳೆಗೆ ಹೋಲಿಸಿ ನೋಡಿ. ಒಂದು ಗಿಡದಿಂದ ಬೀಜ ಹಾರಿ ದೂರದಲ್ಲಿ ಇನ್ನೊಂದು ಮೊಳೆತರೆ ಅದು ಮೆಟಾಸ್ಟೇಸಿಸ್. ನೆಲದಲ್ಲೇ ಬೀಜ ತುಂಬಿಕೊಂಡಿದ್ದು ಇವತ್ತು ಇಲ್ಲಿ, ಇನ್ನೆರಡು ವರ್ಷಕ್ಕೆ ಅಲ್ಲಿ ಎದ್ದರೆ ಅದು ಫೀಲ್ಡ್. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಬೇಡ. ಕೆಟ್ಟ ಪೊರೆಯೆಲ್ಲ ಮೊಳೆತೇ ತೀರುತ್ತದೆ ಎಂದೇನೂ ಇಲ್ಲ. ಬಹುಪಾಲು ಮೊಳೆಯುವುದಿಲ್ಲ.

ಪದ ಬಂದ ದಾರಿ

1953ರಲ್ಲಿ ಸ್ಲಾಟರ್, ಸೌತ್‌ವಿಕ್ ಮತ್ತು ಸ್ಮೇಕಲ್ ಎಂಬ ಮೂವರು ಅಮೆರಿಕದ ವೈದ್ಯರು ಬಾಯಿ ಕ್ಯಾನ್ಸರಿನ 783 ರೋಗಿಗಳ ಅಂಗಾಂಶಗಳನ್ನು ಪರೀಕ್ಷಿಸಿ ಬರೆದ ಲೇಖನದಿಂದ ಈ ಪದ ಬಳಕೆಗೆ ಬಂತು. ಗಡ್ಡೆಯನ್ನಷ್ಟೇ ನೋಡದೆ, ಅದರ ಅಂಚು ದಾಟಿ ಎಷ್ಟು ದೂರದವರೆಗೆ ಪೊರೆ ಸಹಜವಾಗಿಲ್ಲ ಎಂಬುದನ್ನೂ ಅವರು ನೋಡಿದರು. ಗಡ್ಡೆಯ ಸುತ್ತಲಿನ ಪೊರೆ ಎಲ್ಲರಲ್ಲೂ ಕೆಟ್ಟಿತ್ತು. ಶೇ 11ರಷ್ಟು ರೋಗಿಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡನೆಯ ಗಡ್ಡೆಯೂ ಇತ್ತು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿದ್ದರೂ ಅದೇ ಜಾಗದ ಹತ್ತಿರ ಮತ್ತೆ ಕ್ಯಾನ್ಸರ್ ಏಕೆ ಬರುತ್ತದೆ ಎಂಬ ಹಳೆಯ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ಅವರ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ ಮಾತ್ರ. ಜೀನ್ ಮಟ್ಟದಲ್ಲಿ ಏನು ನಡೆಯುತ್ತದೆ ಎಂಬ ಚಿತ್ರವನ್ನು ಜೋಡಿಸಿಕೊಟ್ಟವರು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು, 2003ರಲ್ಲಿ. ಇವತ್ತು ಪದವನ್ನು ಸರಿಯಾಗಿ ಬಳಸಬೇಕೆಂದರೆ ಆ ಚಿತ್ರ ತಲೆಯಲ್ಲಿರಬೇಕು.

ಪೊರೆಯ ತಳದ ಸಾಲಿನಲ್ಲಿರುವ ಒಂದು ಕಾಂಡಕೋಶದಲ್ಲಿ, ಕ್ಯಾನ್ಸರ್ ತಡೆಯುವ ಟಿಪಿ53 ಜೀನ್ ಕೆಡುತ್ತದೆ. ತಂಬಾಕು, ಮದ್ಯ, ಬಿಸಿಲು, ದೀರ್ಘಕಾಲದ ಉರಿಯೂತ, ಅಂಗಕ್ಕೆ ತಕ್ಕಂತೆ ಕಾರಣ ಬೇರೆ. ಆ ಕೋಶದ ಮರಿಗಳು ಒಂದು ಪುಟ್ಟ ತೇಪೆಯಾಗಿ ನಿಲ್ಲುತ್ತವೆ. ತೇಪೆಯ ಅಗಲ 200 ಕೋಶಗಳಿಗಿಂತ ಕಡಿಮೆ. ಬರಿಗಣ್ಣಿಗೆ ಏನೂ ಕಾಣದು, ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲೂ ಕಾಣದು. ಆ ಜೀನಿನಿಂದ ತಯಾರಾಗುವ ಪಿ53 ಪ್ರೋಟೀನಿಗೆ ಅಂಟುವ ಬಣ್ಣ ಹಾಕಿದಾಗ ಮಾತ್ರ ನೀಲಿ ಕೋಶಕೇಂದ್ರಗಳ ನಡುವೆ ಕಂದು ಕೇಂದ್ರಗಳ ಒಂದು ಗುಂಪು, ಎರಡೂ ಕಡೆ ಗೆರೆ ಎಳೆದಂತೆ ನಿಂತಿರುವುದು ಕಾಣುತ್ತದೆ. ಈ ಹಂತಕ್ಕೆ 'ಪ್ಯಾಚ್' ಎನ್ನುತ್ತಾರೆ. ಮುಂದೆ ಇದೇ ಕೋಶಗಳು 9ನೇ ಮತ್ತು 3ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ತುಂಡುಗಳನ್ನೂ ಕಳೆದುಕೊಂಡರೆ ಅವಕ್ಕೆ ಬೆಳವಣಿಗೆಯಲ್ಲಿ ಮೇಲುಗೈ ಸಿಗುತ್ತದೆ. ಆಗ ಗೆರೆ ದಾಟಿ, ಪಕ್ಕದ ಸಹಜ ಕೋಶಗಳನ್ನು ಒತ್ತರಿಸಿಕೊಂಡು ಅಡ್ಡಡ್ಡಲಾಗಿ ಹಬ್ಬುತ್ತವೆ. ಇದು 'ಫೀಲ್ಡ್'. ಬಾಯಿ, ಗಂಟಲಿನಲ್ಲಿ ಇದು 7 ಸೆಂ.ಮೀ. ಮೀರಿದ ಉದಾಹರಣೆಗಳಿವೆ. ಆಮೇಲೆ ಎಲ್ಲೋ ಒಂದು ಕಡೆ ಇನ್ನಷ್ಟು ಬದಲಾವಣೆ ಸೇರಿ ಕ್ಯಾನ್ಸರ್ ಹುಟ್ಟುತ್ತದೆ.

ಇಲ್ಲಿ ಬಿಡದೆ ನೆನಪಿಡಬೇಕಾದದ್ದು ತಳಪೊರೆ, ಅಂದರೆ ಮೇಲಿನ ಪೊರೆಯನ್ನು ಕೆಳಗಿನ ಅಂಗಾಂಶದಿಂದ ಬೇರ್ಪಡಿಸುವ ತೆಳು ಹಾಳೆ. ಫೀಲ್ಡ್ ಎಷ್ಟೇ ಅಗಲವಾಗಿರಲಿ, ತಳಪೊರೆಯ ಮೇಲೇ ಇರುತ್ತದೆ. ಕೆಳಕ್ಕೆ ತೂರಿಲ್ಲ, ರಕ್ತನಾಳ ದುಗ್ಧನಾಳಗಳ ಸಂಪರ್ಕ ಅದಕ್ಕಿಲ್ಲ. ಆದ್ದರಿಂದ ಫೀಲ್ಡ್‌ಗೆ ಸ್ಟೇಜ್ ಇಲ್ಲ, ವರದಿಯಲ್ಲಿ ಈ ಪದ ಬಂದ ಮಾತ್ರಕ್ಕೆ ಗಡ್ಡೆಯ ಸ್ಟೇಜ್ ಏರುವುದೂ ಇಲ್ಲ.

ಜೀನ್ ಕೆಟ್ಟ ಕೋಶ ಕಂಡಲ್ಲೆಲ್ಲ ಫೀಲ್ಡ್ ಎನ್ನುವುದೂ ತಪ್ಪು. 2015ರಲ್ಲಿ ಬಿಸಿಲುಂಡ ಕಣ್ಣುರೆಪ್ಪೆಯ ಆರೋಗ್ಯವಂತ ಚರ್ಮದ ಜೀನ್‌ಗಳನ್ನು ಓದಿದಾಗ ಕಾಲು ಭಾಗಕ್ಕಿಂತ ಹೆಚ್ಚು ಕೋಶಗಳಲ್ಲಿ ಕ್ಯಾನ್ಸರಿಗೆ ನಂಟಿರುವ ಬದಲಾವಣೆಗಳು ಸಿಕ್ಕವು. 2018ರಲ್ಲಿ ಆರೋಗ್ಯವಂತ ಅನ್ನನಾಳದಲ್ಲೂ ಇಂಥದೇ ಚಿತ್ರ ಕಂಡಿತು. ವಯಸ್ಸಾದಂತೆ ಎಲ್ಲರ ಪೊರೆಯೂ ಇಂಥ ತೇಪೆಗಳ ಕೌದಿಯೇ.

ವರದಿ ಓದುವ ಕ್ರಮ

ಮೊದಲು 'ಕ್ಯಾನ್ಸರೈಸೇಶನ್' ಪದದ ಹಿಂದೆ ಮುಂದೆ ಏನಿದೆ ನೋಡಿ. ಇದು ಒಂದಕ್ಕಿಂತ ಹೆಚ್ಚು ಅರ್ಥದ ಪದ, ವೈದ್ಯಕೀಯ ಬರಹ ಅನುವಾದ ಮಾಡುವವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಸ್ತನದ ಬಯಾಪ್ಸಿಯಲ್ಲಿ 'ಲೋಬ್ಯೂಲ್‌ಗಳ ಕ್ಯಾನ್ಸರೈಸೇಶನ್' ಎಂದಿದ್ದರೆ, ಹಾಲಿನ ನಾಳದೊಳಗೇ ಇರುವ ಡಕ್ಟಲ್ ಕಾರ್ಸಿನೋಮಾ ಇನ್ ಸೈಟು ಕೋಶಗಳು ನಾಳದ ದಾರಿಯಲ್ಲೇ ಸಾಗಿ ಅದರ ತುದಿಯಲ್ಲಿ ಹಾಲು ತಯಾರಿಸುವ ಲೋಬ್ಯೂಲ್‌ಗಳನ್ನು ತುಂಬಿವೆ ಎಂದರ್ಥ. ಇಲ್ಲೂ ತಳಪೊರೆ ದಾಟಿಲ್ಲ, ಸ್ಟೇಜ್ ಬದಲಾಗುವುದಿಲ್ಲ. ಆದರೆ ಇದು ಕೆಟ್ಟ ನೆಲದ ಕಥೆಯಲ್ಲ, ಕ್ಯಾನ್ಸರ್ ಕೋಶಗಳೇ ಅಲ್ಲಿಗೆ ಬಂದಿವೆ. ಸೂಕ್ಷ್ಮದರ್ಶಕದಲ್ಲಿ ಇದು ಲೋಬ್ಯೂಲರ್ ಕಾರ್ಸಿನೋಮಾ ಇನ್ ಸೈಟುವಿನಂತೆ ತೋರಬಹುದು. ಆಗ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನಾದ ಇ-ಕ್ಯಾಡ್‌ಹೆರಿನ್ ಬಣ್ಣ ಹಾಕುತ್ತಾರೆ: ಡಕ್ಟಲ್ ಕೋಶಗಳು ಸಾಮಾನ್ಯವಾಗಿ ಬಣ್ಣ ಹಿಡಿಯುತ್ತವೆ, ಲೋಬ್ಯೂಲರ್ ಕೋಶಗಳು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಮೇದೋಜೀರಕದ ವರದಿಯಲ್ಲಿ 'ನಾಳದ ಕ್ಯಾನ್ಸರೈಸೇಶನ್' ಎಂದರೆ ಮತ್ತೊಂದು: ಹೊರಗೆ ಬೆಳೆದ, ಆಗಲೇ ಆಕ್ರಮಣಶೀಲವಾದ ಕ್ಯಾನ್ಸರ್ ಹಿಮ್ಮುಖವಾಗಿ ನಾಳದೊಳಕ್ಕೆ ನುಗ್ಗಿ ಅದರ ಗೋಡೆಯ ಉದ್ದಕ್ಕೂ ಹಬ್ಬಿದೆ. ಮೇಲ್ನೋಟಕ್ಕೆ ಕ್ಯಾನ್ಸರ್‌ಪೂರ್ವ ಸ್ಥಿತಿಯಂತೆ ಕಾಣುತ್ತದೆ, ಆದರೆ ಅದು ಕ್ಯಾನ್ಸರೇ. ಹಾಗಾಗಿ 'ಫೀಲ್ಡ್' ಎಂಬ ಮುನ್ನುಡಿ ಇಲ್ಲದ ಕ್ಯಾನ್ಸರೈಸೇಶನ್ ಕಂಡರೆ ಈ ಲೇಖನದ ಉಳಿದ ಮಾತುಗಳನ್ನು ಅದಕ್ಕೆ ಹೊಂದಿಸಬೇಡಿ.

ಫೀಲ್ಡ್ ಎಂದೇ ಇದ್ದರೆ, ಪಕ್ಕದಲ್ಲಿ ಡಿಸ್‌ಪ್ಲೇಸಿಯಾ ಎಂದಿದೆಯೇ, ಯಾವ ದರ್ಜೆ, ಎಲ್ಲಿ ಎಂದು ಹುಡುಕಿ. ಅಲ್ಪ, ಮಧ್ಯಮ, ತೀವ್ರ ಎಂಬ ಮೂರು ದರ್ಜೆಗಳಲ್ಲಿ ತೀವ್ರವಾದದ್ದು ಮಾರ್ಜಿನ್‌ನಲ್ಲೇ ಇದ್ದರೆ ಮತ್ತಷ್ಟು ಕತ್ತರಿಸಬೇಕೇ ಎಂಬ ಮಾತು ಬರುತ್ತದೆ. ಅಲ್ಪ ದರ್ಜೆಯದಾದರೆ ಸಾಮಾನ್ಯವಾಗಿ ಕಣ್ಣಿಟ್ಟು ಕಾಯುತ್ತಾರೆ. ಮಧ್ಯಮ ದರ್ಜೆ ನಿಜಕ್ಕೂ ಬೂದು ವಲಯ. ಒಂದೇ ಸ್ಲೈಡನ್ನು ಇಬ್ಬರು ಅನುಭವಿ ಪೆಥಾಲಜಿಸ್ಟರು ಬೇರೆ ಬೇರೆ ದರ್ಜೆಗೆ ಸೇರಿಸುವುದು ಅಪರೂಪವಲ್ಲ. ಅಂಥಲ್ಲಿ ಸ್ಲೈಡನ್ನು ಎರಡನೆಯವರಿಗೆ ತೋರಿಸುವುದು ಯಾರ ಮೇಲೂ ಅನುಮಾನ ಪಟ್ಟಂತಲ್ಲ.

ಆಮೇಲೆ ಮಾರ್ಜಿನ್ ಅಳತೆ. ಬಾಯಿ ಕ್ಯಾನ್ಸರಿನಲ್ಲಿ ಗಡ್ಡೆಯಿಂದ ಕತ್ತರಿಸಿದ ಅಂಚಿನವರೆಗೆ 5 ಮಿ.ಮೀ. ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ 'ಕ್ಲಿಯರ್' ಎನ್ನುತ್ತಾರೆ, ಕಡಿಮೆಯಿದ್ದರೆ 'ಕ್ಲೋಸ್'. ಕತ್ತರಿಸಿದ ಲೋಳೆಪೊರೆ ಕುಗ್ಗುವುದರಿಂದ ಶಸ್ತ್ರಚಿಕಿತ್ಸಕರು ಬಾಯಲ್ಲೇ 1 ಸೆಂ.ಮೀ. ಅಥವಾ ತುಸು ಹೆಚ್ಚು ಬಿಟ್ಟು ಗೆರೆ ಹಾಕುತ್ತಾರೆ. ಈಗ ಈ 1 ಸೆಂ.ಮೀ.ಯನ್ನು ಮೇಲೆ ಹೇಳಿದ 7 ಸೆಂ.ಮೀ. ಪಕ್ಕ ಇಟ್ಟು ನೋಡಿ. ಮಾರ್ಜಿನ್ ಲೆಕ್ಕ ಇರುವುದು ಗಡ್ಡೆಗೆ, ಫೀಲ್ಡ್‌ಗಲ್ಲ. ಬಾಯಿ ಗಂಟಲಿನ ಕ್ಯಾನ್ಸರ್ ಇದ್ದ 28 ಮಂದಿಯನ್ನು ಜೀನ್ ಗುರುತುಗಳಿಂದ ಪರೀಕ್ಷಿಸಿದ 2001ರ ಅಧ್ಯಯನದಲ್ಲಿ 10 ಮಂದಿಗೆ ಗಡ್ಡೆಯ ಸುತ್ತ ಫೀಲ್ಡ್ ಇತ್ತು, ಅವರಲ್ಲಿ 7 ಮಂದಿಗೆ ಅದು ಕತ್ತರಿಸಿದ ಅಂಚನ್ನು ಮುಟ್ಟಿತ್ತು. ಅಂದರೆ ಒಂದು ಭಾಗ ದೇಹದಲ್ಲೇ ಉಳಿಯಿತು. 'ಪೂರ್ತಿ ತೆಗೆದಿಲ್ಲ' ಎಂದು ಶಸ್ತ್ರಚಿಕಿತ್ಸಕರನ್ನು ದೂರುವ ಮುಂಚೆ ಇದು ಗೊತ್ತಿರಬೇಕು. ಫೀಲ್ಡ್ ಇದ್ದಷ್ಟೂ ಕತ್ತರಿಸಹೊರಟರೆ ಮಾತು, ನುಂಗುವಿಕೆ ಎರಡೂ ಹೋಗುತ್ತವೆ.

ಕೊನೆಗೆ 'ಸಾಧ್ಯತೆ', 'ಹೊಂದುತ್ತದೆ' ಎಂಬ ಮಾತುಗಳಿಗೆ ತಕ್ಕ ಬೆಲೆ ಕೊಡಿ. ದಿನನಿತ್ಯದ ವರದಿಯಲ್ಲಿ ಜೀನ್ ಪರೀಕ್ಷೆ ಇರುವುದಿಲ್ಲ. ಗಡ್ಡೆಯಿಂದ ದೂರದಲ್ಲೂ ಡಿಸ್‌ಪ್ಲೇಸಿಯಾ ಇದೆ ಅಥವಾ ಒಂದಕ್ಕಿಂತ ಹೆಚ್ಚು ಕಡೆ ಗಾಯ ಇದೆ ಎಂಬುದರಿಂದ ಪೆಥಾಲಜಿಸ್ಟ್ ಊಹಿಸಿ ಬರೆದ ಮಾತದು.

ಎರಡನೆಯ ಗಡ್ಡೆ ಬಂದಾಗ ಏನೆಂದು ಕರೆಯುವುದು

ಪದದ ನಿಜವಾದ ಪರೀಕ್ಷೆ ಇಲ್ಲಿ. ಅದೇ ಅಂಗದಲ್ಲಿ ಮತ್ತೊಂದು ಗಡ್ಡೆ ಕಂಡರೆ ನಾಲ್ಕು ಹೆಸರುಗಳಿಗೆ ಅವಕಾಶವಿದೆ: ಮರುಕಳಿಕೆ, ಮೆಟಾಸ್ಟೇಸಿಸ್, ಎರಡನೆಯ ಪ್ರಾಥಮಿಕ ಗಡ್ಡೆ, ಎರಡನೆಯ ಫೀಲ್ಡ್ ಗಡ್ಡೆ. ಎರಡನೆಯ ಪ್ರಾಥಮಿಕ ಗಡ್ಡೆ, ಅಂದರೆ ಮೊದಲನೆಯದರ ನಂಟಿಲ್ಲದೆ ತಾನಾಗಿ ಹುಟ್ಟಿದ್ದು, ಎನ್ನಲು 1932ರಲ್ಲಿ ವಾರನ್ ಮತ್ತು ಗೇಟ್ಸ್ ಎಂಬ ವೈದ್ಯರು ಕೊಟ್ಟ ಮೂರು ಷರತ್ತುಗಳು ಇಂದಿಗೂ ತಳಪಾಯ. ಎರಡೂ ಗಡ್ಡೆ ಖಚಿತವಾಗಿ ಕ್ಯಾನ್ಸರ್ ಆಗಿರಬೇಕು, ಒಂದರಿಂದ ಒಂದು ಬೇರೆಯಾಗಿರಬೇಕು, ಒಂದು ಇನ್ನೊಂದರ ಮೆಟಾಸ್ಟೇಸಿಸ್ ಅಲ್ಲವೆಂದು ತೋರಬೇಕು. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಇದಕ್ಕೆ ಅಳತೆ ಸೇರಿಸಿಕೊಂಡಿದ್ದಾರೆ: ನಡುವೆ 2 ಸೆಂ.ಮೀ.ಗಿಂತ ಹೆಚ್ಚು ಸಹಜ ಪೊರೆ ಇರಬೇಕು, ಅಥವಾ ಅದೇ ಜಾಗವಾದರೆ 3 ವರ್ಷ ಕಳೆದಿರಬೇಕು.

ಫೀಲ್ಡ್ ಗೊತ್ತಿದ್ದವರಿಗೆ ಈ ಅಳತೆಯ ಹುಳುಕು ತಕ್ಷಣ ಕಾಣುತ್ತದೆ. 'ಸಹಜ' ಎಂದು ಬರೆದ ಆ 2 ಸೆಂ.ಮೀ. ಕಣ್ಣಿಗಷ್ಟೇ ಸಹಜ. ಒಂದು ಉದಾಹರಣೆ ಹಾಕಿಕೊಳ್ಳೋಣ. ನಾಲಿಗೆಯ ಅಂಚಿನ ಗಡ್ಡೆ ತೆಗೆದಾಗಿದೆ, ಎರಡು ವರ್ಷಕ್ಕೆ ಅಲ್ಲಿಂದ 3 ಸೆಂ.ಮೀ. ದೂರದಲ್ಲಿ, ಬಾಯಿಯ ತಳದಲ್ಲಿ ಇನ್ನೊಂದು ಕಾಣಿಸಿಕೊಂಡಿದೆ. ಅಳತೆಪಟ್ಟಿ ಹಿಡಿದರೆ ಎರಡನೆಯ ಪ್ರಾಥಮಿಕ ಗಡ್ಡೆ. ಜೀನ್ ಪರೀಕ್ಷೆಯಲ್ಲಿ ಮೊದಲನೆಯದರಲ್ಲಿ ಟಿಪಿ53ರ 248ನೇ ಕೋಡಾನ್ (ಜೀನ್ ಬರಹದ ಮೂರಕ್ಷರದ ಒಂದು ಪದ) ಕೆಟ್ಟಿದ್ದು, ಎರಡನೆಯದರಲ್ಲಿ 273ನೆಯದು ಕೆಟ್ಟಿದ್ದರೆ ಆ ತೀರ್ಮಾನ ನಿಲ್ಲುತ್ತದೆ, ಎರಡಕ್ಕೂ ಮೂಲಕೋಶ ಬೇರೆ. ಟಿಪಿ53 ಬದಲಾವಣೆ, 9ನೇ ಕ್ರೋಮೋಸೋಮಿನ ನಷ್ಟ ಎರಡರಲ್ಲೂ ಒಂದೇ ಆಗಿದ್ದು ಆಮೇಲಿನ ಬದಲಾವಣೆಗಳು ಬೇರೆ ಬೇರೆ ಇದ್ದರೆ ಎರಡೂ ಒಂದೇ ಫೀಲ್ಡಿನಿಂದ ಬಂದ ಅಕ್ಕತಂಗಿಯರು. ಇದೇ 'ಎರಡನೆಯ ಫೀಲ್ಡ್ ಗಡ್ಡೆ'. ತಡವಾಗಿ ಸೇರುವ ಬದಲಾವಣೆಗಳೂ ಪೂರ್ತಿ ತಾಳೆಯಾದರೆ ಉಳಿದುಹೋದ ಕ್ಯಾನ್ಸರ್ ಕೋಶಗಳೇ ಮತ್ತೆ ಬೆಳೆದಿವೆ. ಇಲ್ಲೊಂದು ಬಲೆ ಇದೆ. 248, 273, 175 ಇವು ಟಿಪಿ53ರಲ್ಲಿ ಪದೇಪದೇ ಕೆಡುವ ಜಾಗಗಳು. ಒಂದೇ ಕೋಡಾನ್ ತಾಳೆಯಾಯಿತೆಂದು ಒಂದೇ ಮೂಲ ಎಂದುಬಿಟ್ಟರೆ ಕಾಕತಾಳೀಯಕ್ಕೆ ಮೋಸಹೋಗಬಹುದು. ಒಂದಕ್ಕಿಂತ ಹೆಚ್ಚು ಗುರುತು ತಾಳೆಯಾಗಬೇಕು.

ಹೆಸರು ಯಾವುದಾದರೇನು ಎನ್ನುವಂತಿಲ್ಲ. ಮೆಟಾಸ್ಟೇಸಿಸ್ ಎಂದು ತಪ್ಪಾಗಿ ಬರೆದರೆ, ಪೂರ್ತಿ ಗುಣವಾಗಬಹುದಾದ ಸಣ್ಣ ಗಡ್ಡೆಗೆ ಬರಿಯ ನೋವು ತಗ್ಗಿಸುವ ಚಿಕಿತ್ಸೆ ಸಿಕ್ಕೀತು.

'ಏಕಕಾಲಿಕ', 'ಭಿನ್ನಕಾಲಿಕ' ಎಂಬ ಜೋಡಿಪದವೂ ಇದರ ಜೊತೆಗೇ ಬರುತ್ತದೆ. ಸಾಮಾನ್ಯ ರೂಢಿಯಲ್ಲಿ 6 ತಿಂಗಳ ಒಳಗೆ ಕಂಡದ್ದು ಏಕಕಾಲಿಕ, ಆಮೇಲಿನದು ಭಿನ್ನಕಾಲಿಕ. ಅಮೆರಿಕದ ಸೀಯರ್ ಎಂಬ ಕ್ಯಾನ್ಸರ್ ನೋಂದಣಿಯ ಗಡಿ 2 ತಿಂಗಳು. ಅಂಕಿಅಂಶ ಹೋಲಿಸುವಾಗ ಯಾವ ಗಡಿ ಎಂದು ನೋಡದಿದ್ದರೆ ಲೆಕ್ಕ ತಪ್ಪುತ್ತದೆ.

ಬೇರೆ ಅಂಗಗಳಲ್ಲಿ

ಬಾಯಿಯಲ್ಲಿ ಹುಟ್ಟಿದ ಪದ ಈಗ ಅನ್ನನಾಳ, ಶ್ವಾಸಕೋಶ, ಚರ್ಮ, ಮೂತ್ರಕೋಶ, ದೊಡ್ಡಕರುಳು ಎಲ್ಲಕ್ಕೂ ಸಲ್ಲುತ್ತದೆ. ಮೂತ್ರಕೋಶದಲ್ಲಿ ಇದರ ಬಳಕೆ ತುಂಬ ಸೊಗಸಾಗಿ ಕಾಣುತ್ತದೆ. ಅಲ್ಲಿ ಗಡ್ಡೆ ಮತ್ತೆ ಮತ್ತೆ ಬರುವುದಕ್ಕೆ ಎರಡು ವಿವರಣೆಗಳಿವೆ. ಕೆರೆದು ತೆಗೆಯುವಾಗ ಮೂತ್ರದಲ್ಲಿ ತೇಲಿದ ಕೋಶಗಳು ಬೇರೆಡೆ ಅಂಟಿಕೊಂಡಿರಬಹುದು, ಅಥವಾ ಒಳಪೊರೆಯೇ ಕೆಟ್ಟಿರಬಹುದು. ಚಿಕಿತ್ಸೆಯೂ ಎರಡಕ್ಕೂ ಬೇರೆ ಬೇರೆ. ಆಪರೇಷನ್ ಆದ 24 ಗಂಟೆಯೊಳಗೆ ಒಂದು ಸಲ ಒಳಗೆ ಬಿಡುವ ಕೀಮೋ ಔಷಧಿ ತೇಲುವ ಕೋಶಗಳಿಗೆ. ವಾರಕ್ಕೊಮ್ಮೆಯಂತೆ 6 ವಾರ ಬಿಡುವ ಬಿಸಿಜಿ (ಕ್ಷಯದ ಲಸಿಕೆಯಲ್ಲಿರುವ ಅದೇ ಬ್ಯಾಕ್ಟೀರಿಯಾ) ಉಳಿದ ಪೊರೆಗೆ. ಒಂದಿದ್ದರೆ ಇನ್ನೊಂದು ಏಕೆ ಎಂದು ಕೇಳುವವರಿಗೆ ಫೀಲ್ಡ್ ಎಂಬ ಪದವೇ ಉತ್ತರ.

ಚರ್ಮದಲ್ಲಿ ಬಿಸಿಲಿನಿಂದ ಒರಟಾಗುವ ಆಕ್ಟಿನಿಕ್ ಕೆರಟೋಸಿಸ್ ಚುಕ್ಕೆಗಳನ್ನು ಒಂದೊಂದಾಗಿ ಸುಟ್ಟರೆ ಪಕ್ಕದಲ್ಲೇ ಹೊಸದು ಏಳುತ್ತದೆ. ಆದ್ದರಿಂದ ಇಡೀ ವಲಯಕ್ಕೆ ಶೇ 5ರ ಫ್ಲೋರೋಯುರಾಸಿಲ್ ಮುಲಾಮನ್ನು ದಿನಕ್ಕೆರಡು ಸಲದಂತೆ 2ರಿಂದ 4 ವಾರ ಹಚ್ಚಿಸುತ್ತಾರೆ. ಚರ್ಮ ಕೆಂಪೇರಿ, ಹಕ್ಕಳೆಗಟ್ಟುವುದು ಔಷಧಿ ಕೆಲಸ ಮಾಡುತ್ತಿರುವ ಲಕ್ಷಣ. ಅಲರ್ಜಿ ಎಂದುಕೊಂಡು ಐದಾರು ದಿನಕ್ಕೇ ತಾವಾಗಿ ಬಿಟ್ಟುಬಿಡುವವರಲ್ಲಿ ಚಿಕಿತ್ಸೆ ಸೋಲುತ್ತದೆ. ತಡೆಯಲಾಗದಷ್ಟಾದರೆ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಹೊಟ್ಟೆಯ ಆಮ್ಲ ಮೇಲೇರಿ ಅನ್ನನಾಳದ ಒಳಪೊರೆ ಮಾರ್ಪಡುವ ಬ್ಯಾರೆಟ್ ಬದಲಾವಣೆಯಲ್ಲಿ ಕಾಣುವ ಗಂಟಿನ ಜೊತೆಗೆ ಪ್ರತಿ 2 ಸೆಂ.ಮೀ.ಗೆ ನಾಲ್ಕು ದಿಕ್ಕಿನಿಂದ ಬಯಾಪ್ಸಿ ತೆಗೆಯುವುದೂ ಇದೇ ತರ್ಕದಿಂದ. ಡಿಸ್‌ಪ್ಲೇಸಿಯಾ ಗೊತ್ತಿದ್ದರೆ ಪ್ರತಿ 1 ಸೆಂ.ಮೀ.ಗೆ. ಗಂಟು ತೆಗೆದ ಮೇಲೆ ಉಳಿದ ಬ್ಯಾರೆಟ್ ಪೊರೆಯನ್ನೂ ಶಾಖ ಕೊಟ್ಟು ಅಳಿಸುತ್ತಾರೆ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ದೀರ್ಘಕಾಲದ ಉರಿಯೂತ) ಇದ್ದವರಿಗೆ ರೋಗ ಶುರುವಾದ 8 ವರ್ಷಕ್ಕೆ ಕೊಲೊನೊಸ್ಕೋಪಿ ಹೇಳುವುದೂ ಹಾಗೇ.

ಎಚ್‌ಪಿವಿ ವೈರಸ್ಸಿನಿಂದ ಬರುವ ಗಂಟಲಿನ ಕ್ಯಾನ್ಸರಿಗೆ ಈ ಪದ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ತಂಬಾಕಿನಂತೆ ಇಡೀ ಪೊರೆ ಕೆಡುವುದಿಲ್ಲ, ಎರಡನೆಯ ಗಡ್ಡೆಯ ಅಪಾಯವೂ ಕಡಿಮೆ.

ಫೀಲ್ಡ್ ಉಳಿದಿದೆ ಎಂದಾದರೆ

ತಲೆ-ಕುತ್ತಿಗೆಯ ಕ್ಯಾನ್ಸರ್ ಗೆದ್ದವರಲ್ಲಿ ಎರಡನೆಯ ಪ್ರಾಥಮಿಕ ಗಡ್ಡೆ ವರ್ಷಕ್ಕೆ ಶೇ 3ರಿಂದ 7ರಷ್ಟು ಮಂದಿಗೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಪಾಯ ಐದು ವರ್ಷಕ್ಕೆ ಮುಗಿಯುವುದಿಲ್ಲ. ತಪಾಸಣೆಯ ರೂಢಿ ಹೀಗೆ: ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೆಯ ವರ್ಷ 2ರಿಂದ 6 ತಿಂಗಳಿಗೊಮ್ಮೆ, ಐದನೆಯ ವರ್ಷದವರೆಗೆ 4ರಿಂದ 8 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಹಳೆಯ ಗಾಯದ ಗುರುತನ್ನಷ್ಟೇ ನೋಡಿ ಕಳಿಸಿದರೆ ಸಾಲದು. ನಾಲಿಗೆಯ ಎರಡೂ ಅಂಚು, ಅಡಿಭಾಗ, ಬಾಯಿಯ ತಳ, ಕೆನ್ನೆಯ ಒಳಬದಿ, ಅಂಗುಳ, ಗಂಟಲು, ಕುತ್ತಿಗೆಯ ಗಂಟುಗಳು ಎಲ್ಲವನ್ನೂ ನೋಡಬೇಕು. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆಗೆ ಹೆಚ್ಚು ಹೆದರಬೇಕು. ಮೂರು ವಾರ ಕಳೆದರೂ ಮಾಯದ ಹುಣ್ಣಿಗೆ ಮುಲಾಮು ಬದಲಿಸುತ್ತ ಕೂರದೆ ಬಯಾಪ್ಸಿ ಮಾಡಿಸಬೇಕು.

ತಂಬಾಕು ಬಿಡುವುದು ಇಲ್ಲಿ ಉಪದೇಶದ ಮಾತಲ್ಲ, ಚಿಕಿತ್ಸೆಯ ಭಾಗ. ಮದ್ಯ ಜೊತೆಗೂಡಿದರೆ ಅಪಾಯ ಕೂಡಿಕೆಯಂತಲ್ಲ, ಗುಣಾಕಾರದಂತೆ ಏರುತ್ತದೆ. ಮಾತ್ರೆಯಿಂದ ಫೀಲ್ಡನ್ನು ಸರಿಪಡಿಸುವ ಪ್ರಯತ್ನವೂ ನಡೆದಿದೆ. 1990ರಲ್ಲಿ ವಿಟಮಿನ್ ಎ ಬಳಗದ ಔಷಧಿ ಐಸೋಟ್ರೆಟಿನೋಯಿನನ್ನು ಹೆಚ್ಚು ಪ್ರಮಾಣದಲ್ಲಿ ಒಂದು ವರ್ಷ ಕೊಟ್ಟಾಗ ಎರಡನೆಯ ಗಡ್ಡೆ ಬಂದವರು ಶೇ 4, ಕೊಡದವರಲ್ಲಿ ಶೇ 24. ಆದರೆ ಅಡ್ಡಪರಿಣಾಮ ತಾಳಲಾಗದಷ್ಟಿತ್ತು. ದಿನಕ್ಕೆ 30 ಮಿ.ಗ್ರಾಂ.ಗೆ ಇಳಿಸಿ ಸಾವಿರಕ್ಕೂ ಹೆಚ್ಚು ಮಂದಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ, ಅದರ ಫಲಿತಾಂಶ 2006ರಲ್ಲಿ ಬಂತು, ಲಾಭವೇ ಕಾಣಲಿಲ್ಲ. ಹಳೆಯ ಅಂಕಿಯನ್ನಷ್ಟೇ ಓದಿ 'ವಿಟಮಿನ್ ಎ ಕ್ಯಾನ್ಸರ್ ತಡೆಯುತ್ತದೆ' ಎಂದು ಸಾರುವವರ ಮಾತು ನಂಬಬೇಡಿ.

ಕನ್ನಡದಲ್ಲಿ ಬರೆಯುವಾಗ

'ಕ್ಷೇತ್ರ ಕ್ಯಾನ್ಸರೀಕರಣ' ಎಂದು ಅನುವಾದಿಸಿದರೆ ವ್ಯಾಕರಣಕ್ಕೆ ಸರಿ, ಓದುಗನಿಗೆ ಒಗಟು. ಕ್ಷೇತ್ರ ಎಂದೊಡನೆ ತೀರ್ಥಯಾತ್ರೆಯೋ ಚುನಾವಣೆಯೋ ನೆನಪಾಗುತ್ತದೆ. 'ಹೊಲ' ಎಂದರೆ ತೀರ ಅಕ್ಷರಾನುವಾದ. ಮೊದಲ ಸಲ 'ಫೀಲ್ಡ್ ಕ್ಯಾನ್ಸರೈಸೇಶನ್' ಎಂದೇ ಬರೆದು, ಅಲ್ಲೇ 'ಕ್ಯಾನ್ಸರಿಗೆ ಹದಗೊಂಡ ವಲಯ' ಎಂದು ಬಿಡಿಸಿ, ಮುಂದೆ ಬರಿಯ 'ವಲಯ' ಎಂದು ಬಳಸಿದರೆ ಓಟ ತಡೆಯುವುದಿಲ್ಲ. 'ಫೀಲ್ಡ್ ಎಫೆಕ್ಟ್', 'ಫೀಲ್ಡ್ ಡಿಫೆಕ್ಟ್' ಎಂದು ಕಂಡರೂ ವಿಷಯ ಹೆಚ್ಚುಕಡಿಮೆ ಇದೇ. ಮೂಲದಲ್ಲಿ 'ಕಂಡೆಮ್ಡ್ ಮ್ಯೂಕೋಸಾ' ಎಂಬ ಮಾತು ಸಿಕ್ಕರೆ 'ಶಾಪಗ್ರಸ್ತ ಪೊರೆ' ಎಂದೆಲ್ಲ ಬರೆದು ರೋಗಿಯನ್ನು ಕಂಗೆಡಿಸಬೇಡಿ.

ಕ್ರಿಯಾಪದದ ಆಯ್ಕೆಯಲ್ಲೇ ಅರ್ಥ ಕೆಡುವುದು ಹೆಚ್ಚು. "ಕ್ಯಾನ್ಸರ್ ವಲಯಕ್ಕೆ ಹರಡಿದೆ" ತಪ್ಪು. "ಕ್ಯಾನ್ಸರ್ ಈ ವಲಯದಲ್ಲಿ ಹುಟ್ಟಿದೆ" ಸರಿ. "ಅವರಿಗೆ ಫೀಲ್ಡ್ ಕ್ಯಾನ್ಸರ್ ಇದೆ" ಎಂಬುದು ಇಲ್ಲದ ರೋಗವನ್ನು ಸೃಷ್ಟಿಸುತ್ತದೆ. "ಮೂರನೇ ಸ್ಟೇಜಿನ ಫೀಲ್ಡ್ ಕ್ಯಾನ್ಸರೈಸೇಶನ್" ಎಂಬುದಕ್ಕೆ ಅರ್ಥವೇ ಇಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಮನೆಯವರಿಗೆ ಬಿಡಿಸಿ ಬರೆದುಕೊಡುವುದಾದರೆ ಪದಕ್ಕಿಂತ ವಿವರ ಉಪಯೋಗಕ್ಕೆ ಬರುತ್ತದೆ: "ಗಡ್ಡೆ ಪೂರ್ತಿ ಬಂದಿದೆ. ಹಿಂಬದಿಯ ಅಂಚಿನ ಪೊರೆಯಲ್ಲಿ ಮಧ್ಯಮ ದರ್ಜೆಯ ಬದಲಾವಣೆ ಇದೆ, ಅದು ಕ್ಯಾನ್ಸರ್ ಅಲ್ಲ. ಬಾಯಿಯ ಉಳಿದ ಭಾಗದಲ್ಲೂ ಹೀಗಿರಬಹುದು. ಮುಂದಿನ ತಪಾಸಣೆ ಇಂಥ ದಿನ. ಅಷ್ಟರೊಳಗೆ ಮಾಯದ ಹುಣ್ಣು, ಕೆಂಪು ಮಚ್ಚೆ, ನುಂಗುವಾಗ ನೋವು, ಕುತ್ತಿಗೆಯಲ್ಲಿ ಗಂಟು ಕಂಡರೆ ಆ ದಿನಕ್ಕೆ ಕಾಯದೆ ಬನ್ನಿ."